ಹಬ್ಶಿಗಳ ವಿಜಯಪುರ

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರ ಹಳೇ ಬೀದಿಗಳನ್ನು ಸುತ್ತಿಬಂದ ಅಕ್ಕನ ಮಗ ಫೋನಿನಲ್ಲಿ ಕೇಳಿದ: "ಇಂಥದ್ದು ನಮ್ಮ ಕಡೆ ಎಲ್ಲಿದೆ ಮಾವ?"

"ವಿಜಯಪುರಕ್ಕೆ ಹೋಗೋ" ಅಂದೆ. ನಕ್ಕುಬಿಟ್ಟ. ಗೋಳಗುಮ್ಮಟಕ್ಕೂ ಆಫ್ರಿಕಾಕ್ಕೂ ನಂಟಿದೆ ಅಂದರೆ ಗುಬ್ಬಿಯಲ್ಲಿ, ಕುಣಿಗಲ್ಲಿನಲ್ಲಿ ಯಾರಾದರೂ ನಗುವವರೇ.

ಇಥಿಯೋಪಿಯಾ ಕಡೆಯಲ್ಲಿ ಮಾರಾಟವಾಗಿ, ಹಡಗು ಹತ್ತಿ ಪಶ್ಚಿಮ ಕರಾವಳಿಗೆ ಬಂದಿಳಿದ ಹುಡುಗರು ಬಹಮನಿಗಳ ಕಾಲದಿಂದಲೂ ದಖನ್ನಿನ ದರ್ಬಾರುಗಳಲ್ಲಿದ್ದರು. ಅವರೇ ಹಬ್ಶಿಗಳು. ಇಲ್ಲಿ ಬಂಧುಬಳಗವಿಲ್ಲದವರು ಒಡೆಯನಿಗೇ ನಿಷ್ಠರಾಗಿರುತ್ತಾರೆಂದು ಸುಲ್ತಾನರು ಅವರನ್ನು ನಂಬಿದರು. ಅಹಮದ್‌ನಗರ ರಾಜ್ಯವನ್ನು ನಡೆಸಿದ ಮಲಿಕ್ ಅಂಬರ್ ಹೀಗೆ ಬಂದವನು.

ನಾನು ಗುಬ್ಬಿಯಲ್ಲಿ ಕಟ್ಟಡ ಕಟ್ಟಿಸಿ ಬದುಕಿದವನು. ಊರು ನೋಡಲು ಹೋದರೂ ಕಣ್ಣು ಕಲ್ಲು, ಗಾರೆಯ ಮೇಲೇ. ವಿಜಯಪುರದ ಇಬ್ರಾಹಿಂ ರೋಜಾ ಎಂಬ ಸಮಾಧಿ ಕಟ್ಟಡದೊಳಗೆ ತಲೆಯೆತ್ತಿ ನೋಡಿದೆ. ಸುಮಾರು 40 ಅಡಿ ಚೌಕದ ಕೋಣೆ; ನಡುವೆ ಕಂಬವಿಲ್ಲ, ತೊಲೆಯಿಲ್ಲ. ಚಪ್ಪಟೆ ಕಲ್ಲಿನ ಸೂರು ಗಾರೆಯ ಹಿಡಿತದಲ್ಲೇ ನಿಂತಿದೆ. ನಾನಾಗಿದ್ದರೆ ಸೆಂಟ್ರಿಂಗ್ ಬಿಚ್ಚುವ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇದನ್ನು ಮಾಡಿಸಿದವನ ಹೆಸರು ಅಲ್ಲಿನ ಶಾಸನದಲ್ಲೇ ಇದೆ: ಮಲಿಕ್ ಸಂದಲ್. ಅವನೊಬ್ಬ ಹಬ್ಶಿ.

ಅದೇ ಊರಿನ ಜಾಮಿಯಾ ಮಸೀದಿಯ ಬಿಳಿ ಹಜಾರದಲ್ಲಿ ಪ್ರಾರ್ಥನೆಯ ದಿಕ್ಕು ತೋರುವ ಗೂಡು, ಅಂದರೆ ಮಿಹ್ರಾಬ್ ಒಂದೇ ಬಂಗಾರ, ಬಣ್ಣಗಳಿಂದ ತುಂಬಿದೆ. 1636ರಲ್ಲಿ ಅದನ್ನು ಅಲಂಕರಿಸಿದವನು ಇನ್ನೊಬ್ಬ ಹಬ್ಶಿ, ಮಲಿಕ್ ಯಾಕೂತ್ ದಾಬೂಲಿ. ಅವನ ಸಮಾಧಿ ಹತ್ತಿರದಲ್ಲೇ ಇದೆ. ಟೂರಿಸ್ಟ್ ಬಸ್ಸಿನವರು ಅತ್ತ ಹೊರಳುವುದು ಕಡಿಮೆ.

ಗೋಳಗುಮ್ಮಟದಲ್ಲಿ ಮಲಗಿರುವ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನನೂ ಹಬ್ಶಿಯೇ. ಇಬ್ಬರೂ ಒಂದೇ ಆನೆಯ ಮೇಲೆ ಕೂತಿರುವ ಅಂದಿನ ಚಿತ್ರವೊಂದಿದೆ. ನಮ್ಮ ತುಮಕೂರು ಜಿಲ್ಲೆಯ ಶಿರಾ ವಿಜಯಪುರದ ಕೈಸೇರಿದ್ದೂ ಈ ಸುಲ್ತಾನನ ಕಾಲದಲ್ಲೇ. ಹಾಗಾಗಿ ಇದು ಬರೀ ಉತ್ತರ ಕರ್ನಾಟಕದವರ ಕಥೆಯಲ್ಲ.

ಮಂತ್ರಿಗಿರಿ ಸಿಕ್ಕಿತಲ್ಲ ಎಂದು ಗುಲಾಮಗಿರಿಯನ್ನು ಹಗುರ ಮಾಡುವಂತಿಲ್ಲ. ಮಾರಾಟವಾದ ಮಕ್ಕಳೆಲ್ಲ ಇಖ್ಲಾಸ್ ಖಾನರಾಗಲಿಲ್ಲ. ಬಹಳಷ್ಟು ಜನರ ಹೆಸರೂ ಉಳಿದಿಲ್ಲ. ಉಳಿದ ನಾಲ್ಕು ಹೆಸರನ್ನಾದರೂ ನಾವು ಹೇಳಬೇಕು. ವಿಜಯಪುರಕ್ಕೆ ಹೋದಾಗ ಗೈಡು ಸುಲ್ತಾನರ ಕಥೆ ಮುಗಿಸಲಿ, ಆಮೇಲೆ ಸಂದಲ್ ಎಲ್ಲಿ, ಯಾಕೂತ್ ಎಲ್ಲಿ ಎಂದು ಕೇಳಿ. ಕೇಳುವವರಿದ್ದರೆ ತೋರಿಸುವವರೂ ಇರುತ್ತಾರೆ.