ಮೊಬೈಲ್ ಜಾಲದ ಆಯ್ಕೆ: ಬಂಡೆ, ಗೋಡೆ ಮತ್ತು ದಿನಗಣನೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿರುವ ಬಿಡದಿಯನ್ನು ತಟ್ಟೆ ಇಡ್ಲಿಯ ಊರೆಂದು ಎಲ್ಲರೂ ಬಲ್ಲರು. ರೇಡಿಯೋ ಅಲೆಗಳನ್ನು ಅಭ್ಯಸಿಸುವವರಿಗೂ ಈ ಊರು ಸ್ವಾರಸ್ಯವಾದುದೇ. ಒಂದು ಕಡೆ ಕಾರ್ಖಾನೆಗಳ ತಗಡಿನ ಛಾವಣಿಗಳು. ಇನ್ನೊಂದು ಕಡೆ ಕಲ್ಲುಗೋಡೆಯ ಹಳೆಯ ಮನೆಗಳು. ನೈಋತ್ಯಕ್ಕೆ ರಾಮನಗರದ ಬಂಡೆಬೆಟ್ಟಗಳು. ಇಂಥ ಕಡೆ ಒಂದೇ ಸಂಸ್ಥೆಯ ಸಂಪರ್ಕವು ಒಂದು ಮನೆಯಲ್ಲಿ ಚೆನ್ನಾಗಿದ್ದು, ನಾಲ್ಕು ಮನೆಯಾಚೆ ಜಗುಲಿಗೆ ಬಂದರಷ್ಟೇ ದೊರೆಯುವುದುಂಟು. ನಡುರಾತ್ರಿ ವೈದ್ಯರನ್ನು ಕರೆಯಬೇಕಾದ ವೃದ್ಧರಿಗೂ, ಬ್ಯಾಂಕಿನ ಗುಪ್ತಸಂಖ್ಯೆಗಾಗಿ ಕಾದಿರುವ ಅಂಗಡಿಯವರಿಗೂ ಈ ವ್ಯತ್ಯಾಸ ಸಣ್ಣದಲ್ಲ. ಹಾಗಾದರೆ ಜಾಲವನ್ನು ಆರಿಸುವುದು ಹೇಗೆ?

ಮೊದಲು ಅಲೆಗಳ ಸ್ವಭಾವವನ್ನು ನೋಡೋಣ. ನಮ್ಮ ದೇಶದಲ್ಲಿ 4ಜಿ ಸೇವೆಗೆ 850, 900, 1800, 2100, 2300 ಮೆಗಾಹರ್ಟ್ಸ್ ಮೊದಲಾದ ಆವರ್ತಗಳು ಬಳಕೆಯಲ್ಲಿವೆ. 2022ರ ಅಕ್ಟೋಬರ್ 1ರಂದು ಆರಂಭವಾದ 5ಜಿ ಸೇವೆ ಮುಖ್ಯವಾಗಿ 3300 ಮೆಗಾಹರ್ಟ್ಸ್‌ಗೂ ಮೇಲಿನ ಆವರ್ತಗಳನ್ನು ಉಪಯೋಗಿಸುತ್ತದೆ. 850 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. 3300ರದು ಕೇವಲ 9 ಸೆಂಟಿಮೀಟರ್. ಉದ್ದನೆಯ ಅಲೆ ಬೆಟ್ಟದ ಅಂಚಿನಲ್ಲಿ ಹೆಚ್ಚು ಬಾಗಿ ಮರೆಯಲ್ಲಿರುವ ಊರನ್ನೂ ಮುಟ್ಟಬಲ್ಲುದು. ಗೋಡೆಯನ್ನು ತೂರಿ ಬರುವಾಗ ಅದಕ್ಕೆ ತಗಲುವ ನಷ್ಟವೂ ಸಾಮಾನ್ಯವಾಗಿ ಕಡಿಮೆ. ಗಿಡ್ಡ ಅಲೆಗಳ ಪಟ್ಟಿಗಳಲ್ಲಾದರೋ ಅವಕಾಶ ವಿಶಾಲ. ಆದುದರಿಂದ ಹೆಚ್ಚು ದತ್ತಾಂಶವನ್ನು ವೇಗವಾಗಿ ಸಾಗಿಸಬಹುದು. ದೂರ ಮತ್ತು ವೇಗ ಇವೆರಡೂ ಒಟ್ಟಿಗೆ ಸಿಕ್ಕುವುದು ವಿರಳ. ಇನ್ನು ತಗಡು ಅಲೆಯನ್ನು ಪ್ರತಿಫಲಿಸುವುದರಿಂದ, ತಗಡಿನ ಕೊಟ್ಟಿಗೆಯೊಳಗೆ ಕಿಟಕಿ ಬಾಗಿಲುಗಳೇ ಅಲೆಗಳ ಹಾದಿ.

ಫೋನಿನ ಮೂಲೆಯಲ್ಲಿ ಕಾಣುವ ನಾಲ್ಕೈದು ಗೀಟುಗಳನ್ನು ಪೂರ್ತಿ ನಂಬಲಾಗದು. ಎಷ್ಟು ಬಲಕ್ಕೆ ಎಷ್ಟು ಗೀಟು ಎಂಬುದನ್ನು ಫೋನು ತಯಾರಿಸಿದವರೇ ನಿಶ್ಚಯಿಸುತ್ತಾರೆ. ಅನೇಕ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಸಿಮ್‌ನ ಸ್ಥಿತಿ ತೋರಿಸುವ ಪುಟದಲ್ಲಿ ನಿಜವಾದ ಅಳತೆ ದೊರೆಯುತ್ತದೆ: –85 ಡಿಬಿಎಂ, –110 ಡಿಬಿಎಂ ಎಂಬಂತೆ. ಒಂದು ಮಿಲಿವಾಟ್ ಶಕ್ತಿಯನ್ನು ಸೊನ್ನೆಯೆಂದು ಹಿಡಿದ ಎಣಿಕೆಯಿದು. ಪ್ರತಿ 10 ಇಳಿದಾಗ ಶಕ್ತಿ ಹತ್ತರಲ್ಲೊಂದು ಭಾಗವಾಗುತ್ತದೆ. ಎಂದರೆ –80 ಇದ್ದದ್ದು –110 ಆದರೆ ಉಳಿದಿರುವುದು ಸಾವಿರದಲ್ಲೊಂದು ಪಾಲು! ಆಗ ಗೋಪುರಕ್ಕೆ ಕೇಳಿಸುವಂತೆ ಫೋನು ತನ್ನ ಪ್ರಸಾರಶಕ್ತಿಯನ್ನು ಏರಿಸಬೇಕಾಗುತ್ತದೆ. ಬ್ಯಾಟರಿ ಬೇಗ ಬರಿದಾಗುವುದಕ್ಕೆ ಇದೊಂದು ಕಾರಣ.

ಅಲೆ ಬಲವಾಗಿದ್ದ ಮಾತ್ರಕ್ಕೆ ವೇಗ ಬರುವುದೆಂದು ತಿಳಿಯಬಾರದು. ಒಂದು ಗೋಪುರದ ಸಾಮರ್ಥ್ಯವನ್ನು ಅದರ ವ್ಯಾಪ್ತಿಯಲ್ಲಿರುವವರೆಲ್ಲರೂ ಹಂಚಿಕೊಳ್ಳಬೇಕು. ಕಾರ್ಖಾನೆಯ ಪಾಳಿ ಬಿಟ್ಟ ಹೊತ್ತಿನಲ್ಲಿ ನೂರಾರು ಜನ ಒಮ್ಮೆಗೇ ಫೋನು ತೆಗೆದರೆ, ಒಂದೇ ನಲ್ಲಿಗೆ ಹತ್ತು ಕೊಡ ಹಿಡಿದಂತಾಗುವುದು.

ಆದುದರಿಂದ ಪರೀಕ್ಷೆಯೇ ಮೇಲು. ನೆರೆಯವರ ಅಥವಾ ನೆಂಟರ ಬೇರೆ ಬೇರೆ ಜಾಲದ ಫೋನುಗಳನ್ನು ಕೇಳಿ ಪಡೆದು, ಮಲಗುವ ಕೋಣೆ, ಅಡುಗೆಮನೆ, ಕೆಲಸದ ಸ್ಥಳ ಈ ಮೂರು ಕಡೆ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳತೆಯನ್ನು ಬರೆದಿಡಬೇಕು. ಪ್ರತಿ ಕಡೆಯೂ ಒಂದು ಕರೆ ಮಾಡಿ ನೋಡಬೇಕು. ಸಾಧ್ಯವಾದರೆ ಒಂದೇ ಫೋನಿಗೆ ಸಿಮ್‌ಗಳನ್ನು ಬದಲಿಸಿ ಹಾಕುವುದು ಉತ್ತಮ. ಫೋನುಗಳ ಆಂಟೆನಾಗಳೂ ಒಂದೇ ಸಮನಲ್ಲ.

ಇನ್ನು ಹಣದ ಲೆಕ್ಕ. ಎರಡು ಯೋಜನೆಗಳಿವೆ ಎಂದಿಟ್ಟುಕೊಳ್ಳೋಣ: 28 ದಿನಕ್ಕೆ 280 ರೂಪಾಯಿ, 30 ದಿನಕ್ಕೆ 290 ರೂಪಾಯಿ. ಮೇಲ್ನೋಟಕ್ಕೆ ಮೊದಲನೆಯದು ಅಗ್ಗ. ಆದರೆ ದಿನವೊಂದಕ್ಕೆ ಮೊದಲನೆಯದು 10 ರೂಪಾಯಿ, ಎರಡನೆಯದು ಸುಮಾರು 9 ರೂಪಾಯಿ 67 ಪೈಸೆ. ವರ್ಷಕ್ಕೆ ಅಂತರ 120 ರೂಪಾಯಿಗೂ ಹೆಚ್ಚು. 28 ದಿನದ ಯೋಜನೆಗೆ ವರ್ಷದಲ್ಲಿ ಹನ್ನೆರಡಲ್ಲ, ಹದಿಮೂರು ಸಲ ಹಣ ಕಟ್ಟಬೇಕೆಂಬುದೇ ಇದರ ಗುಟ್ಟು. ದಿನಕ್ಕೆ 2 ಜಿಬಿ ಕೊಂಡು ಅರ್ಧ ಜಿಬಿ ಬಳಸುವವರು ಉಳಿದುದಕ್ಕೂ ಬೆಲೆ ತೆರುತ್ತಿರುತ್ತಾರೆ. ಮಾತಷ್ಟೇ ಸಾಕೆನ್ನುವವರಿಗಾಗಿ, ಕರೆ ಮತ್ತು ಕಿರುಸಂದೇಶಗಳಿಗೆ ಮಾತ್ರ ಮೀಸಲಾದ ಯೋಜನೆಯನ್ನೂ ನೀಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ವಿಧಿಸಿತು.

ಆರಿಸಿದ ಜಾಲಕ್ಕೆ ಹೋಗಲು ಹಳೆಯ ಸಂಖ್ಯೆಯನ್ನು ಬಿಡಬೇಕಿಲ್ಲ. 2011ರ ಜನವರಿ 20ರಿಂದ ದೇಶದಾದ್ಯಂತ ಈ ಸೌಕರ್ಯವಿದೆ. ‘ಪೋರ್ಟ್’ ಎಂಬ ಇಂಗ್ಲಿಷ್ ಪದವನ್ನೂ ಒಂದು ತೆರಪು ಬಿಟ್ಟು ತಮ್ಮ ಸಂಖ್ಯೆಯನ್ನೂ ಬರೆದು 1900ಕ್ಕೆ ಕಿರುಸಂದೇಶ ಕಳುಹಿಸಿದರೆ ಬರುವ ಸಂಕೇತವನ್ನು ಹೊಸ ಸಂಸ್ಥೆಯವರಿಗೆ ಕೊಟ್ಟರಾಯಿತು. ಹೀಗೆ ಬಂದಮೇಲೆ 90 ದಿನ ಅಲ್ಲಿಯೇ ಇರಬೇಕು. ಪರೀಕ್ಷೆಯನ್ನು ಮೊದಲೇ ಮಾಡಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ. ಅಗ್ಗದ ಯೋಜನೆ ಮಲಗುವ ಕೋಣೆಯಲ್ಲಿ ಮೂಕವಾದರೆ ಆ ಉಳಿತಾಯದಿಂದ ಪ್ರಯೋಜನವಿಲ್ಲ. ಮೊದಲು ಅಲೆಯನ್ನು ಅಳೆದು, ಆ ಬಳಿಕ ಹಣವನ್ನು ಎಣಿಸುವುದು ಲೇಸು.