ಪಾನಗೃಹ: ತೆರೆಯ ಮೇಲೆ, ತೆರೆಯ ಆಚೆ

ಕಾಣದ ಊರಿನ ವಿಷಯದಲ್ಲಿ ಕೇಳಿದ ಮಾತೇ ಪ್ರಮಾಣವಾಗುತ್ತದೆ. ಸಲಿಂಗಪ್ರೇಮಿಗಳು ಕೂಡುವ ಪಾನಗೃಹದ ವಿಷಯದಲ್ಲಿ ಕಲಬುರಗಿಯವರಾದ ನಮ್ಮ ಸ್ಥಿತಿಯೂ ಇದೇ. ನಮ್ಮಲ್ಲಿ ಬಹುಜನರು ಅದನ್ನು ಬಲ್ಲುದು ಚಲಚಿತ್ರದಿಂದ, ಇಲ್ಲವೆ ಸುದ್ದಿವಾಹಿನಿಯಿಂದ. ಅಲ್ಲಿ ಅದೊಂದು ಕತ್ತಲೆಯ ಗುಹೆ. ಒಳಹೊಕ್ಕವರು ಪಾತಕಿಗಳು, ತಪ್ಪಿದರೆ ನಗೆಪಾಟಲಿಗೆ ಈಡಾದವರು. 1980ರಲ್ಲಿ ತೆರೆಕಂಡ ‘ಕ್ರೂಸಿಂಗ್’ ಎಂಬ ಅಮೆರಿಕದ ಚಿತ್ರ ಇಂಥ ಪಾನಗೃಹಗಳನ್ನು ಸರಣಿ ಕೊಲೆಗಳ ರಂಗಸ್ಥಳವಾಗಿ ತೋರಿಸಿತು. 1979ರಲ್ಲಿ ಅದರ ಚಿತ್ರೀಕರಣ ನಡೆದಿದ್ದಾಗಲೇ ನ್ಯೂಯಾರ್ಕಿನ ಸಲಿಂಗಪ್ರೇಮಿಗಳು ಬೀದಿಗಿಳಿದು ಪ್ರತಿಭಟಿಸಿದ್ದರು.

ಅಷ್ಟು ದೂರದ ಮಾತೇಕೆ? ನಮಗೆ ನೆರೆಯೂರೇ ಆದ ಹೈದರಾಬಾದಿನಲ್ಲಿ, 2011ರ ಫೆಬ್ರವರಿಯಲ್ಲಿ, ತೆಲುಗು ಸುದ್ದಿವಾಹಿನಿಯೊಂದು ಪಾನಗೃಹಕ್ಕೆ ಗುಪ್ತವಾಗಿ ಕ್ಯಾಮೆರಾ ಒಯ್ದು, ಅಲ್ಲಿ ನೆರೆದಿದ್ದ ಯುವಕರ ಮುಖಗಳನ್ನು ಲೋಕಕ್ಕೆಲ್ಲ ಬಿತ್ತರಿಸಿತು. ಸುದ್ದಿ ಪ್ರಸಾರ ಮಾನದಂಡ ಪ್ರಾಧಿಕಾರವು ಅದಕ್ಕೆ 1 ಲಕ್ಷ ರೂಪಾಯಿ ದಂಡ ವಿಧಿಸಿ, ಕ್ಷಮೆ ಯಾಚಿಸಬೇಕೆಂದು ಆಜ್ಞಾಪಿಸಿತು. ಆದರೆ ಒಮ್ಮೆ ಬಯಲಾದ ಮುಖವನ್ನು ಮತ್ತೆ ಮರೆಮಾಡಬಲ್ಲ ಕ್ಷಮೆಯುಂಟೆ?

ಹಾಗಾದರೆ ವಾಸ್ತವವೇನು? ನ್ಯೂಯಾರ್ಕಿನ ಸ್ಟೋನ್‌ವಾಲ್ ಪಾನಗೃಹವನ್ನೇ ನೋಡಬಹುದು. ಅದನ್ನು ನಡೆಸುತ್ತಿದ್ದುದು ಮಾಫಿಯಾ. ಲೋಟ ತೊಳೆಯಲು ಅಲ್ಲಿ ನಲ್ಲಿಯ ನೀರೂ ಇರಲಿಲ್ಲ. ಆದರೂ ಜನ ಅಲ್ಲಿಗೆ ಹೋಗುತ್ತಿದ್ದರು. ಮುಖ ಮುಚ್ಚಿಕೊಳ್ಳದೆ ಕುಳಿತು, ಮನಸ್ಸಿಗೆ ಒಪ್ಪಿದವರೊಡನೆ ನಾಲ್ಕು ಹೆಜ್ಜೆ ಕುಣಿಯಲು ಅಲ್ಲಿ ಎಡೆಯಿತ್ತು. 1969ರ ಜೂನ್ 28ರಂದು ಪೊಲೀಸರ ದಾಳಿಗೆ ಅವರು ಎದುರುನಿಂತರು. ಆ ಸ್ಥಳ 2016ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು.

ಈ ವಿಚಾರ ನನ್ನ ಮನಸ್ಸಿಗೆ ನಾಟಿದುದು ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ಒಬ್ಬ ವಿದ್ಯಾರ್ಥಿಯಿಂದ. ಪಾಠ ಮುಗಿದು ಕೋಣೆ ಬರಿದಾದ ಮೇಲೆ ಅವನು ತಲೆತಗ್ಗಿಸಿ ಕೇಳಿದ: “ಪಿಕ್ಚರ್‌ನಾಗ ತೋರಿಸ್ತಾರಲ್ರಿ ಸರ್, ನಾನೂ ಹಂಗೇ ಆಗ್ತೀನೇನ್ರಿ?” ನನಗೆ ಉತ್ತರ ತೋಚಲಿಲ್ಲ. ಮರುದಿನ ವಸುಧೇಂದ್ರರ ‘ಮೋಹನಸ್ವಾಮಿ’ಯನ್ನು ಅವನ ಕೈಗಿತ್ತೆ, 2013ರಲ್ಲಿ ಪ್ರಕಟವಾದ ಆ ಕಥಾಸಂಕಲನದಲ್ಲಿ ಸಲಿಂಗಪ್ರೇಮಿಯೊಬ್ಬನ ಬಾಳಿನ ಕಥೆಗಳಿವೆ. ವಾರ ಕಳೆದು ಪುಸ್ತಕ ಹಿಂದಿರುಗಿಸುವಾಗ ಅವನು ಹೇಳಿದ್ದು ಒಂದೇ ಮಾತು: “ಇದರಾಗ ಇರಾಂವ ನಮ್ಮಂಥಾ ಮನಷ್ಯಾನೇ ಅದಾನ್ರಿ.”

2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ನಡುವಣ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸಾರಿತು. ಕಾನೂನು ಹೊರಿಸಿದ್ದ ಕಳಂಕವನ್ನು ಕಾನೂನೇ ತೊಳೆಯಿತು. ತೆರೆ ಹೊರಿಸಿದ ಕಳಂಕವನ್ನು ತೊಳೆಯುವ ಹೊಣೆ ಬರೆಯುವವರದು, ಓದಿಸುವವರದು. ಆ ಹುಡುಗ ಯಾವ ಪಾನಗೃಹವನ್ನೂ ಕೇಳಿರಲಿಲ್ಲ. ಅಂಜದೆ ಮಾತಾಡಲು ಒಂದು ಎಡೆಯನ್ನು ಬಯಸಿದ್ದ. ನಮ್ಮ ತರಗತಿಯ ಕೋಣೆ ಅಷ್ಟಾದರೂ ಆಗಬಾರದೆ?