ಸ್ತ್ರೀಯರೂ ಅಶ್ವಾರೋಹಣವೂ

ಅಶ್ವವು ಪುರುಷನ ವಾಹನವೆಂದೂ ರಣದ ಅಂಗವೆಂದೂ ಎಣಿಸುವುದು ಬಹುಕಾಲದಿಂದ ನಡೆದುಬಂದ ರೂಢಿ. ರಥ ಗಜ ತುರಗ ಪದಾತಿಗಳೆಂಬ ಚತುರಂಗದಲ್ಲಿ ಅದಕ್ಕೆ ಸ್ಥಾನವುಂಟು. ಅಮರಕೋಶದಲ್ಲಿ ಸವಾರನಿಗೆ ಹೇಳಿರುವ ಅಶ್ವಾರೋಹ, ಸಾದಿ ಎಂಬ ಶಬ್ದಗಳು ಕ್ಷತ್ರಿಯವರ್ಗದಲ್ಲಿ ಸೇನೆಯ ಪ್ರಸಂಗದಲ್ಲಿ ಬಂದಿವೆ. ಕನ್ನಡದ ರಾವುತ ಎಂಬುದಾದರೋ ರಾಜಪುತ್ರ ಶಬ್ದದ ತದ್ಭವವು. ಇಂತಿದ್ದರೂ ಈಗ ಬ್ರಿಟನ್, ಜರ್ಮನಿ, ಸ್ವೀಡನ್ ಮೊದಲಾದ ದೇಶಗಳಲ್ಲಿ ಕುದುರೆ ಸವಾರಿಯನ್ನು ಕಲಿಯುವವರಲ್ಲಿಯೂ ಲಾಯಗಳಲ್ಲಿ ಕುದುರೆಗಳ ಆರೈಕೆಗೆ ನಿಂತವರಲ್ಲಿಯೂ ಹೆಚ್ಚಿನವರು ಸ್ತ್ರೀಯರೇ ಆಗಿದ್ದಾರೆ. 2024ನೆಯ ಇಸವಿಯ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ, ಕುದುರೆಯನ್ನು ಹದವರಿತು ನಡೆಯಿಸುವ ಡ್ರೆಸಾಜ್ ಎಂಬ ಸ್ಪರ್ಧೆಯ ವೈಯಕ್ತಿಕ ಪದಕಗಳು ಮೂರೂ ಸ್ತ್ರೀಯರಿಗೇ ಸಂದುವು. ಆ ಸ್ಪರ್ಧೆಯಲ್ಲಿ ಸ್ತ್ರೀಪುರುಷರಿಗೆ ಬೇರೆ ಬೇರೆ ವಿಭಾಗಗಳಿಲ್ಲವೆಂಬುದನ್ನು ನೆನೆದರೆ ಈ ಸಂಗತಿಯು ಇನ್ನೂ ವಿಚಾರಾರ್ಹವಾಗುತ್ತದೆ. ಪುರುಷನದೆಂದು ಎಣಿಸಿದ್ದ ವಾಹನದಲ್ಲಿ ಸ್ತ್ರೀಯರಿಗೆ ಇಷ್ಟು ಆಸಕ್ತಿಯುಂಟಾದುದಕ್ಕೆ ಕಾರಣವೇನು?

ಇದಕ್ಕೆ ಲೋಕದಲ್ಲಿ ಸಾಮಾನ್ಯವಾಗಿ ಕೊಡುವ ಉತ್ತರಗಳು ಎರಡು. ಸ್ತ್ರೀಯು ಸ್ವಭಾವತಃ ವತ್ಸಲೆ; ಮೂಕಪ್ರಾಣಿಯನ್ನು ಕಂಡರೆ ಆಕೆಯ ಹೃದಯವು ಕರಗುವುದು; ಕುದುರೆಯ ಮೈಯುಜ್ಜಿ ಮೇವಿಕ್ಕುವುದರಲ್ಲಿ ಆಕೆಗೆ ಶಿಶುಪಾಲನದ ಸುಖವೇ ದೊರೆಯುವುದು ಎಂಬುದು ಮೊದಲನೆಯದು. ಈ ಆಸಕ್ತಿಯು ರೂಪಾಂತರ ಹೊಂದಿದ ಕಾಮವೇ ಎಂಬುದು ಎರಡನೆಯದು. ಇದು ಇಪ್ಪತ್ತನೆಯ ಶತಮಾನದ ಯೂರೋಪಿನಲ್ಲಿ ಮನಶ್ಶಾಸ್ತ್ರದ ಒಂದು ಪಂಥದಿಂದ ಹುಟ್ಟಿ ಜನರ ಬಾಯಲ್ಲಿ ಹರಡಿದ ಮಾತು. ಎರಡರಲ್ಲಿಯೂ ಸಮಾನವಾದ ಅಂಶವೆಂದರೆ, ಕಾರಣವು ಸ್ತ್ರೀಯ ಪ್ರಕೃತಿಯಲ್ಲಿಯೇ ಇದೆಯೆಂದು ಹೇಳುವುದು.

ಈ ಪೂರ್ವಪಕ್ಷಗಳನ್ನು ಅನ್ವಯವ್ಯತಿರೇಕಗಳಿಂದ ಪರೀಕ್ಷಿಸಬೇಕು. ಪ್ರಕೃತಿಯೇ ಕಾರಣವಾಗಿದ್ದರೆ ಕಾರ್ಯವು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಒಂದೇ ರೀತಿಯಾಗಿ ತೋರಬೇಕಾಗಿತ್ತು. ಹಾಗೆ ತೋರುವುದಿಲ್ಲ. ಮಂಗೋಲಿಯದ ಹುಲ್ಲುಗಾವಲುಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳು ಎಳವೆಯಲ್ಲಿಯೇ ಕುದುರೆಯೇರುತ್ತಾರೆ. ಅಲ್ಲಿ ಇದು ಬಾಲಿಕೆಯರ ವಿಶೇಷಾಸಕ್ತಿಯೆಂದು ಯಾರೂ ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಕುದುರೆಯ ಪಳಗಿಕೆಯು ದಂಡಿನ ಅಧಿಕಾರಿಗಳ ವಿದ್ಯೆಯಾಗಿತ್ತು. ಲಾಯಗಳಲ್ಲಿ ದುಡಿಯುತ್ತಿದ್ದವರೂ ಪುರುಷರೇ. ಅಂದಿನ ಸ್ತ್ರೀಯರಿಗೆ ವಾತ್ಸಲ್ಯವಿರಲಿಲ್ಲವೆಂದು ಹೇಳುವುದು ಸಾಧ್ಯವೆ? ಕಾರಣವು ಇದ್ದೂ ಕಾರ್ಯವು ಕಾಣದಿದ್ದರೆ ಅದನ್ನೇ ಸಾಕಾದ ಕಾರಣವೆನ್ನಲಾಗದು. ಆದುದರಿಂದ ಮೊದಲು ಅಶ್ವಾರೋಹಣದ ಸ್ವರೂಪವನ್ನೂ, ಬಳಿಕ ಅದು ಸ್ತ್ರೀಯರಿಗೆ ಯಾವಾಗ ದೊರೆಯಿತು ಯಾವಾಗ ತಪ್ಪಿತು ಎಂಬುದನ್ನೂ ನೋಡುವುದು ಯುಕ್ತ.

ಬೆಳೆದ ಕುದುರೆಯ ತೂಕವು ಸಾಧಾರಣವಾಗಿ 400ರಿಂದ 600 ಕಿಲೋಗ್ರಾಂ. ಎಂತಹ ಬಲಿಷ್ಠನಾದ ಪುರುಷನೂ ತೋಳ್ಬಲದಿಂದ ಅದನ್ನು ತಡೆಯಲಾರನು. ಕುದುರೆಯು ಹುಲ್ಲು ಮೇದು ಬದುಕುವ, ವೈರಿಯನ್ನು ಕಂಡರೆ ಓಡಿ ಪಾರಾಗುವ ಜಾತಿಯ ಪ್ರಾಣಿ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಸುತ್ತಲೂ ಬಹುಭಾಗ ಕಾಣುವುದು. ಕಿವಿಗಳು ಎತ್ತ ಬೇಕಾದರತ್ತ ತಿರುಗುವುವು. ಒಂದು ನೊಣ ಕುಳಿತರೂ ಆ ಸ್ಥಳದ ಚರ್ಮವು ಮಾತ್ರ ಅದುರುವುದು. ಇಷ್ಟು ಸೂಕ್ಷ್ಮವಾದ ಮೈಯುಳ್ಳ ಪ್ರಾಣಿಗೆ ಸವಾರನ ಮನಸ್ಸು ಅವನ ಆಸನದಿಂದಲೇ ತಿಳಿಯುವುದು. ಸವಾರನು ಬೆದರಿ ಮೈ ಬಿಗಿದರೆ ಕುದುರೆಯೂ ಬಿಗಿಯುವುದು. ಅವನು ಉಸಿರನ್ನು ಸಡಿಲಿಸಿದರೆ ಅದೂ ಸಡಿಲಿಸುವುದು. ಭಾರವನ್ನು ಕೊಂಚ ಹಿಂದಕ್ಕೆ ಸರಿಸುವುದು, ಮೀನಖಂಡದಿಂದ ಪಕ್ಕೆಯನ್ನು ಮೆಲ್ಲನೆ ಒತ್ತುವುದು, ವಾಘೆಯನ್ನು ಬೆರಳುಗಳಲ್ಲಿ ಮಾತ್ರ ಬಿಗಿಯುವುದು, ಇವೇ ಕುದುರೆಗೆ ತಿಳಿಯುವ ಭಾಷೆ. ಕಡಿವಾಣವನ್ನು ಬಲದಿಂದ ಜಗ್ಗುವ ಸವಾರನಿಗೆ ಕುದುರೆಯ ಬಾಯಿ ಮರಗಟ್ಟಿ ಅದು ಮಾತು ಕೇಳದಾಗುವುದು. ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತಗಳೆಂದು ಅಮರಸಿಂಹನು ಹೆಸರಿಸಿದ ಐದು ಗತಿಗಳಲ್ಲಿ ಯಾವುದನ್ನು ಮಾಡಿಸಬೇಕಾದರೂ ಬೇಕಾದುದು ಸಮತೋಲ, ಕೈಯ ಹಗುರ, ತಾಳ್ಮೆ, ಪ್ರಾಣಿಯ ಇಂಗಿತಜ್ಞಾನ; ಭುಜಬಲವಲ್ಲ.

ಇಲ್ಲಿಂದ ಒಂದು ಮುಖ್ಯವಾದ ಅಂಶವು ಸಿದ್ಧಿಸುತ್ತದೆ. ಸ್ತ್ರೀಪುರುಷರೊಳಗೆ ಬಲದ ವಿಷಯದಲ್ಲಿ ಸಾಮಾನ್ಯವಾಗಿ ಕಾಣುವ ತಾರತಮ್ಯವು ಕುದುರೆಯ ಬೆನ್ನಿನ ಮೇಲೆ ಬಹುಮಟ್ಟಿಗೆ ಅಳಿಯುವುದು. ನೆಲದ ಮೇಲೆ ಓಡುವವರ, ಮಲ್ಲಯುದ್ಧ ಮಾಡುವವರ ಬಲವು ಅವರವರ ಮೈಯಲ್ಲಿರುವುದು. ಸವಾರನ ಬಲವಾದರೋ ಕುದುರೆಯದು, ಅದನ್ನು ಒಪ್ಪಿಸಿ ಪಡೆಯುವುದು ಮಾತ್ರವೇ ಅವನ ಕೆಲಸ. ಯಾವ ಸಮಾಜದಲ್ಲಿ ಸ್ತ್ರೀಗೆ ದೂರ ಹೋಗುವ ಸ್ವಾತಂತ್ರ್ಯವೂ ವೇಗವೂ ಎತ್ತರವೂ ಅಪರೂಪವಾಗಿದ್ದುವೋ ಅಲ್ಲಿ ಇವು ಮೂರನ್ನೂ ಒಂದೇ ಸಲಕ್ಕೆ ಕೊಡುವ ವಾಹನವು ಆಕೆಗೆ ಪ್ರಿಯವಾಯಿತೆಂದರೆ ಆಶ್ಚರ್ಯವಿಲ್ಲ.

ಪ್ರಾಚೀನರಿಗೆ ಈ ಸಂಬಂಧವು ತಿಳಿಯದೆ ಇರಲಿಲ್ಲವೆಂಬುದಕ್ಕೆ ಕಥೆಗಳೇ ಸಾಕ್ಷಿ. ವೇದದಲ್ಲಿ ಸರಣ್ಯುವೆಂದೂ ಪುರಾಣಗಳಲ್ಲಿ ಸಂಜ್ಞೆಯೆಂದೂ ಹೆಸರಾದ ಸೂರ್ಯಪತ್ನಿಯು ಪತಿಯ ತೇಜಸ್ಸನ್ನು ತಾಳಲಾರದೆ, ಛಾಯೆಯನ್ನು ತನ್ನ ಸ್ಥಾನದಲ್ಲಿರಿಸಿ ತವರಿಗೆ ಹೋದಳು. ತಂದೆಯು ಗಂಡನ ಮನೆಗೇ ಹಿಂದಿರುಗೆನ್ನಲು, ಅಲ್ಲಿಗೂ ಹೋಗದೆ ವಡಬೆಯಾಗಿ, ಎಂದರೆ ಹೆಣ್ಣುಗುದುರೆಯಾಗಿ, ಉತ್ತರಕುರುಭೂಮಿಯಲ್ಲಿ ಸಂಚರಿಸಿದಳು. ಗಂಡನ ಮನೆಯೂ ತವರೂ ಎರಡೂ ಇಲ್ಲವಾದ ಸ್ತ್ರೀಗೆ ಕಥೆಗಾರನು ಕೊಟ್ಟ ರೂಪವು ಯಾವುದೆಂಬುದನ್ನು ಗಮನಿಸಬೇಕು. ಆ ರೂಪದಲ್ಲಿಯೇ ಆಕೆಯು ದೇವವೈದ್ಯರಾದ ಅಶ್ವಿನಿಗಳನ್ನು ಪಡೆದಳು. ಆ ಅಶ್ವಿನಿಗಳು ಕಾಳಗದಲ್ಲಿ ಕಾಲು ಕಳೆದುಕೊಂಡ ವಿಶ್ಪಲೆಗೆ ಲೋಹದ ಕಾಲನ್ನು ಕೊಟ್ಟರೆಂದು ಋಗ್ವೇದದಲ್ಲಿ ಬರುವುದಷ್ಟೆ. ಸಾಯಣಾಚಾರ್ಯರು ಆಕೆಯನ್ನು ಸ್ತ್ರೀಯೆಂದು ವ್ಯಾಖ್ಯಾನಿಸಿದರೆ ಜರ್ಮನಿಯ ಪಂಡಿತನಾದ ಪಿಷೆಲ್ ಎಂಬಾತನು ಪಂದ್ಯದ ಹೆಣ್ಣುಗುದುರೆಯೆಂದನು. ಒಂದೇ ಹೆಸರನ್ನು ಇಬ್ಬರು ವಿದ್ವಾಂಸರು ಹೀಗೆ ಎರಡು ಬಗೆಯಾಗಿ ಗ್ರಹಿಸುವಷ್ಟು ಆ ಎರಡು ಕಲ್ಪನೆಗಳು ಅಲ್ಲಿ ಹತ್ತಿರದಲ್ಲಿವೆ.

ಇದಕ್ಕೆ ಪ್ರತಿಮುಖವಾದ ಕಥೆಯು ಉದ್ಯೋಗಪರ್ವದ ಮಾಧವಿಯದು. ಒಂದು ಕಿವಿ ಮಾತ್ರ ಕಪ್ಪಾದ ಎಂಟುನೂರು ಬಿಳಿಯ ಕುದುರೆಗಳನ್ನು ಗುರುದಕ್ಷಿಣೆಯಾಗಿ ಒಪ್ಪಿಸಬೇಕಾದ ಗಾಲವನಿಗೆ ಯಯಾತಿಯು ತನ್ನ ಮಗಳನ್ನು ಕೊಟ್ಟನು. ಆಕೆಯು ಮೂವರು ರಾಜರ ಬಳಿಯಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ಮಗನನ್ನು ಹೆತ್ತುಕೊಟ್ಟು, ಒಬ್ಬೊಬ್ಬರಿಂದ ಇನ್ನೂರು ಕುದುರೆಗಳಂತೆ ಆರುನೂರನ್ನು ತಂದುಕೊಟ್ಟಳು. ಉಳಿದ ಇನ್ನೂರಕ್ಕೆ ಬದಲಾಗಿ ವಿಶ್ವಾಮಿತ್ರನೇ ಆಕೆಯನ್ನು ಸ್ವೀಕರಿಸಿದನು. ಇಲ್ಲಿ ಸ್ತ್ರೀಯೂ ಕುದುರೆಯೂ ಒಂದೇ ತಕ್ಕಡಿಯಲ್ಲಿ ತೂಗಿದ ಪದಾರ್ಥಗಳು. ಕಡೆಯಲ್ಲಿ ಸ್ವಯಂವರವನ್ನು ಏರ್ಪಡಿಸಿದಾಗ ಮಾಧವಿಯು ಯಾವ ರಾಜನನ್ನೂ ವರಿಸದೆ ವನವನ್ನೇ ವರಿಸಿ ಮೃಗದಂತೆ ಹುಲ್ಲು ಮೇದು ಬಾಳಿದಳು. ಸಂಜ್ಞೆಯ ಮಾರ್ಗವೂ ಮಾಧವಿಯ ಮಾರ್ಗವೂ ಹುಲ್ಲುಗಾವಲಿನಲ್ಲಿ ಕೂಡುವುದು ಅರ್ಥವತ್ತಾಗಿದೆ.

ಕಥೆಯಿಂದ ಚರಿತ್ರೆಗೆ ಬಂದರೂ ಸ್ತ್ರೀಯರು ಕುದುರೆಯೇರಿದ ನಿದರ್ಶನಗಳಿಗೆ ಕೊರತೆಯಿಲ್ಲ. ಕರಿಯ ಸಮುದ್ರದ ಉತ್ತರದ ಬಯಲುಗಳಲ್ಲಿ ಶಕರ ಗೋರಿಗಳನ್ನು ಅಗೆದಾಗ ಆಯುಧಗಳೊಡನೆ ಹೂಳಿದ ಸ್ತ್ರೀಯರ ಅಸ್ಥಿಪಂಜರಗಳು ದೊರೆತಿವೆ; ಗ್ರೀಕರ ಅಮೆಜಾನ್ ಕಥೆಗಳಿಗೆ ಇಂಥವರೇ ಮೂಲವಾಗಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಮೌರ್ಯ ರಾಜನು ಬೇಟೆಗೆ ಹೊರಟಾಗ ಅವನ ಸುತ್ತ ಆಯುಧಪಾಣಿಗಳಾದ ಸ್ತ್ರೀಯರು ಕೆಲವರು ರಥಗಳಲ್ಲಿ, ಕೆಲವರು ಕುದುರೆಗಳ ಮೇಲೆ, ಕೆಲವರು ಆನೆಗಳ ಮೇಲೆ ಇರುತ್ತಿದ್ದರೆಂದು ಮೆಗಸ್ಥನೀಸನ ಆಧಾರದಿಂದ ಸ್ಟ್ರಾಬೊ ಬರೆದಿದ್ದಾನೆ. ಧನುರ್ಧಾರಿಣಿಯರಾದ ಸ್ತ್ರೀಯರು ರಾಜನನ್ನು ಬೆಳಗಿನಲ್ಲಿ ಸುತ್ತುವರಿಯಬೇಕೆಂದು ಅರ್ಥಶಾಸ್ತ್ರವೂ ವಿಧಿಸುವುದು. ಶಾಕುಂತಲದ ಎರಡನೆಯ ಅಂಕದಲ್ಲಿ ಬಿಲ್ಲು ಹಿಡಿದ ಯವನಿಯರ ಮಾತು ಬಂದಿದೆ. ಬಿಜಾಪುರದ ಒಂದನೆಯ ಅಲಿ ಆದಿಲ್ ಶಾಹನ ರಾಣಿಯೂ, ಮೊಗಲರಿಗೆ ಎದುರಾಗಿ 1595-96ರಲ್ಲಿ ಅಹಮದ್‌ನಗರದ ಕೋಟೆಯನ್ನು ಕಾಪಾಡಿದ ವೀರಳೂ ಆದ ಚಾಂದಬೀಬಿಯು ಕುದುರೆಯೇರಿ ಡೇಗೆಯನ್ನು ಹಿಡಿದು ಬೇಟೆಯಾಡುವ ಚಿತ್ರಗಳನ್ನು ದಖನಿನ ಚಿತ್ರಕಾರರು ಮತ್ತೆ ಮತ್ತೆ ಬರೆದರು. ಇವುಗಳಲ್ಲಿ ಪ್ರಸಿದ್ಧವಾದುವು ಆಕೆಯು ಮಡಿದು ಸುಮಾರು ನೂರು ವರ್ಷಗಳಾದ ಮೇಲೆ ಹುಟ್ಟಿದುವು. ಎಂದರೆ ಲೋಕದ ನೆನಪು ಆಕೆಯನ್ನು ಕುದುರೆಯ ಮೇಲೆಯೇ ಉಳಿಸಿಕೊಂಡಿತು. 1824ರಲ್ಲಿ ಆಂಗ್ಲರನ್ನು ಎದುರಿಸಿದ ಕಿತ್ತೂರು ಚೆನ್ನಮ್ಮನ ಪ್ರತಿಮೆಯು ಹುಬ್ಬಳ್ಳಿಯಲ್ಲಿ ಕುದುರೆಯ ಮೇಲೆಯೇ ನಿಂತಿದೆ.

ಆದರೆ ಈ ನಿದರ್ಶನಗಳಲ್ಲಿ ಹೆಚ್ಚಿನವು ರಾಣಿಯರದು, ರಾಜನ ಅಂಗರಕ್ಷಕಿಯರದು. ಸಾಮಾನ್ಯ ಸ್ತ್ರೀಯ ವಿಷಯದಲ್ಲಿ ಸಮಾಜದ ಮನಸ್ಸು ಹೇಗಿತ್ತೆಂಬುದನ್ನು ತಿಳಿಯಲು ಜೈಮಿನಿ ಭಾರತದ ಪ್ರಮೀಳೆಯ ಪ್ರಸಂಗವು ಸಹಾಯಕವಾಗಿದೆ. ಯಜ್ಞಾಶ್ವವು ಸ್ತ್ರೀರಾಜ್ಯವನ್ನು ಹೊಗಲು ಅಲ್ಲಿಯವರು ಅದನ್ನು ಕಟ್ಟುವರು. ಅಶ್ವಮೇಧದ ಕುದುರೆಯನ್ನು ಕಟ್ಟುವುದೆಂದರೆ ಚಕ್ರವರ್ತಿತ್ವವನ್ನು ಒಪ್ಪದಿರುವುದು. ಅರ್ಜುನನು ಬಾಣಪ್ರಯೋಗಕ್ಕೆ ಉದ್ಯುಕ್ತನಾದಾಗ ಅಶರೀರವಾಣಿಯು ತಡೆಯುವುದು. ಕಡೆಗೆ ವಿವಾಹದ ಒಪ್ಪಂದವಾಗಿ, ಪ್ರಮೀಳೆಯು ಹಸ್ತಿನಾವತಿಗೂ ಕುದುರೆಯು ತನ್ನ ದಾರಿಗೂ ಹೋಗುವುವು. ಲಕ್ಷ್ಮೀಶನ ಸರಸವಾದ ವರ್ಣನೆಯನ್ನು ಓದುವಾಗ ಶೃಂಗಾರಕ್ಕೇ ಗಮನವು ಹೋಗುವುದು ಸಹಜ. ಆದರೂ ಕಥೆಯ ಸಂವಿಧಾನವನ್ನು ನೋಡಿದರೆ, ಸ್ತ್ರೀಯ ಕೈಗೆ ಸಿಕ್ಕಿದ ಕುದುರೆಯನ್ನು ಬಿಡಿಸಿಕೊಳ್ಳಲು ಗಾಂಡೀವವು ಸಾಲದೆ ಮದುವೆಯು ಬೇಕಾಯಿತೆಂಬುದು ಸ್ಪಷ್ಟ.

ಯೂರೋಪಿನಲ್ಲಿ ಇದೇ ನಿರ್ಬಂಧವು ಕಥೆಯ ರೂಪದಲ್ಲಿರದೆ ಜೀನಿನ ರೂಪದಲ್ಲಿತ್ತು. ಕುಲೀನ ಸ್ತ್ರೀಯು ಕುದುರೆಯ ಎರಡು ಪಕ್ಕಗಳಿಗೆ ಕಾಲಿಟ್ಟು ಕೂರುವುದು ಅಮರ್ಯಾದೆಯೆಂದು ಎಣಿಸಿ, ಎರಡು ಕಾಲುಗಳೂ ಎಡಪಕ್ಕದಲ್ಲಿರುವ ಒಂದು ಬಗೆಯ ಜೀನನ್ನು ಅಲ್ಲಿ ಬಳಕೆಗೆ ತಂದರು. ಬಲಗಾಲನ್ನು ಒಂದು ಕೊಂಬಿಗೆ ಸಿಕ್ಕಿಸಿ, ಎಡಗಾಲನ್ನು ಅಂಕವಣೆಯಲ್ಲಿರಿಸಿ, ಉದ್ದವಾದ ಲಂಗದೊಡನೆ ಸವಾರಿ ಮಾಡಬೇಕಾಗಿತ್ತು. ಬಲಪಕ್ಕದಲ್ಲಿ ಕಾಲಿಲ್ಲದುದರಿಂದ ಆ ಕಡೆಯ ಸಂಜ್ಞೆಗೆ ಬೆತ್ತವನ್ನು ಉಪಯೋಗಿಸುತ್ತಿದ್ದರು. ಕುದುರೆಯು ಬಿದ್ದರೆ ಲಂಗವು ಸಿಕ್ಕಿಕೊಂಡು ಪ್ರಾಣಾಪಾಯವೂ ಒದಗುತ್ತಿತ್ತು. 1830ರ ಸುಮಾರಿಗೆ ಎಡತೊಡೆಗೆ ಆಧಾರವಾಗಿ ಇನ್ನೊಂದು ಕೊಂಬು ಬಂದಮೇಲೆಯೇ ಸ್ತ್ರೀಯರು ನಿರ್ಭಯವಾಗಿ ಬೇಲಿಗಳನ್ನು ಹಾರಿಸಲು ಸಮರ್ಥರಾದರು. ಇಷ್ಟು ತೊಡಕಿದ್ದರೂ ಅವರು ಸವಾರಿಯನ್ನು ಬಿಡಲಿಲ್ಲವೆಂಬುದು ಆಸಕ್ತಿಯ ಆಳಕ್ಕೆ ಪ್ರಮಾಣ. 1762ರಲ್ಲಿ ರಷ್ಯದ ಸಿಂಹಾಸನವನ್ನು ಹಿಡಿದ ಎರಡನೆಯ ಕ್ಯಾಥರಿನ್ ದಂಡಿನ ಉಡುಪಿನಲ್ಲಿ ಪುರುಷರಂತೆ ಕುದುರೆಯೇರಿದ ಚಿತ್ರವು ಪ್ರಸಿದ್ಧವಾಗಿದೆ. 1913ರ ಮಾರ್ಚಿ 3ರಂದು ವಾಷಿಂಗ್ಟನ್ನಿನಲ್ಲಿ ಮತದ ಹಕ್ಕಿಗಾಗಿ ನಡೆದ ಸ್ತ್ರೀಯರ ಮೆರವಣಿಗೆಯ ಮುಂದೆ ಐನೆಜ್ ಮಿಲ್‌ಹಾಲೆಂಡ್ ಎಂಬಾಕೆಯು ಬಿಳಿಯ ಕುದುರೆಯ ಮೇಲೆ ಸಾಗಿದಳು. ಜೀನಿನ ಮೇಲೆ ಕೂರುವ ರೀತಿಯೂ ಸಮಾಜದಲ್ಲಿನ ಸ್ಥಾನವೂ ಹೀಗೆ ಒಂದರೊಡನೊಂದು ಬದಲಾದುವು.

ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರಿಗೆ ಅಶ್ವಸ್ಪರ್ಧೆಯ ಬಾಗಿಲು ತೆರೆದುದು 1952ರಲ್ಲಿ, ಡ್ರೆಸಾಜಿನಲ್ಲಿ ಮಾತ್ರ. ಅದಕ್ಕೆ ಹಿಂದೆ ಅದು ದಂಡಿನ ಅಧಿಕಾರಿಗಳಿಗೆ ಮೀಸಲು. ಆ ವರ್ಷವೇ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿಯ ಪದಕವನ್ನು ಗೆದ್ದಳು. 1944ರಲ್ಲಿ ಪೋಲಿಯೊ ತಗಲಿ ಆಕೆಯ ಮೊಣಕಾಲಿನ ಕೆಳಭಾಗವು ಶಕ್ತಿಹೀನವಾಗಿತ್ತು. ಕುದುರೆಯನ್ನು ಏರುವುದಕ್ಕೂ ಇಳಿಯುವುದಕ್ಕೂ ಪರರ ನೆರವು ಬೇಕಾಗಿತ್ತು. ಮೈಬಲದಿಂದಲೇ ಸವಾರಿಯೆಂಬ ಮತಕ್ಕೆ ಇದಕ್ಕಿಂತ ಪ್ರಬಲವಾದ ಬಾಧಕವು ಬೇರೊಂದಿಲ್ಲ. ನೆಗೆತದ ಸ್ಪರ್ಧೆಯು 1956ರಲ್ಲಿಯೂ, ಮೂರು ಅಂಗಗಳ ಸ್ಪರ್ಧೆಯು 1964ರಲ್ಲಿಯೂ ಸ್ತ್ರೀಯರಿಗೆ ತೆರೆದುವು. 1972ರಲ್ಲಿ ಜರ್ಮನಿಯ ಲೀಸೆಲಾಟ್ ಲಿನ್ಸೆನ್‌ಹೋಫ್ ಡ್ರೆಸಾಜಿನ ವೈಯಕ್ತಿಕ ಸ್ವರ್ಣವನ್ನು ಪಡೆದ ಮೊದಲ ಸ್ತ್ರೀಯಾದಳು. 2023ರಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ಏಷ್ಯಾ ಕ್ರೀಡೆಗಳ ಡ್ರೆಸಾಜ್ ಸ್ವರ್ಣವನ್ನು ಗೆದ್ದ ಭಾರತದ ನಾಲ್ವರ ತಂಡದಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್ ಎಂಬ ಇಬ್ಬರು ಸ್ತ್ರೀಯರಿದ್ದರು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ನಿರ್ಬಂಧವು ತೊಲಗಿದುದೇ ಕಾರಣವಾದರೆ ಸ್ತ್ರೀಪುರುಷರ ಸಂಖ್ಯೆಯು ಸಮವಾಗಬೇಕಾಗಿತ್ತು. ಸ್ತ್ರೀಯರು ಪುರುಷರನ್ನು ಮೀರಿದುದು ಹೇಗೆ? ಇದಕ್ಕೆ ಸಮಾಧಾನವು ಕುದುರೆಯ ಚರಿತ್ರೆಯಲ್ಲಿಯೇ ಇದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮೋಟಾರು ಬಂಡಿಗಳೂ ಟ್ರಾಕ್ಟರುಗಳೂ ಯುದ್ಧದ ಯಂತ್ರಗಳೂ ಬಂದು, ಕುದುರೆಯು ದಂಡಿನಿಂದಲೂ ಹೊಲದಿಂದಲೂ ರಸ್ತೆಯಿಂದಲೂ ಹೊರಟುಹೋಯಿತು. ಅಧಿಕಾರವೂ ಸಂಬಳವೂ ಕುದುರೆಯ ಬೆನ್ನಿನಿಂದ ಇಳಿದೊಡನೆ ಪುರುಷರಲ್ಲಿ ಬಹುಮಂದಿ ತಾವೂ ಇಳಿದು ಯಂತ್ರಗಳ ಕಡೆಗೆ ತಿರುಗಿದರು. ಬರಿದಾದ ಆ ಸ್ಥಾನಕ್ಕೆ ಬಂದವರು ಸ್ತ್ರೀಯರು. ಪುರುಷನಿಗೆ ಉಪಯೋಗವಿರುವ ತನಕ ಬೇಕಾಗಿದ್ದ ಪ್ರಾಣಿಯನ್ನು ಇವರು ಉಪಯೋಗವು ತೀರಿದ ಮೇಲೆ ಕೈಹಿಡಿದರು. ಹಣವೂ ಪಂದ್ಯವೂ ಹೆಚ್ಚಾಗಿರುವ ಕುದುರೆಜೂಜಿನ ಮೈದಾನಗಳಲ್ಲಿ ಇಂದಿಗೂ ಜಾಕಿಗಳಲ್ಲಿ ಪುರುಷರೇ ಅಧಿಕರಾಗಿರುವುದು ಈ ವಿವರಣೆಗೆ ಪೋಷಕವಾಗಿದೆ.

ಹಾಗಾದರೆ ವಾತ್ಸಲ್ಯಕ್ಕೆ ಇಲ್ಲಿ ಯಾವ ಸ್ಥಾನವೂ ಇಲ್ಲವೆ? ಉಂಟು, ಆದರೆ ಅದು ಸಹಕಾರಿ ಕಾರಣವೇ ಹೊರತು ಮುಖ್ಯ ಕಾರಣವಲ್ಲ. ಸೈಕಲ್ಲೂ ಸ್ತ್ರೀಯರಿಗೆ ದೂರವನ್ನೂ ವೇಗವನ್ನೂ ಕೊಟ್ಟಿತು. ಆದರೆ ಸೈಕಲ್ಲಿಗೆ ಮನಸ್ಸಿಲ್ಲ. ಕುದುರೆಯ ಗೊರಸನ್ನು ಕೆರೆದು, ಮೈಯುಜ್ಜಿ, ಲದ್ದಿಯನ್ನು ಎತ್ತಿ, ಅದರ ಭಯವನ್ನೂ ಮುನಿಸನ್ನೂ ತಿಳಿದುಕೊಂಡವಳಿಗೆ ಮಾತ್ರ ಅದು ತನ್ನ ಬಲವನ್ನು ಒಪ್ಪಿಸುವುದು. ಹೀಗೆ ಆರೈಕೆಯೂ ಆಜ್ಞೆಯೂ ಒಂದೇ ಕೆಲಸದಲ್ಲಿ ಸೇರುವ ಸ್ಥಳಗಳು ಲೋಕದಲ್ಲಿ ವಿರಳ. ಆರೈಕೆಯನ್ನು ಮಾತ್ರ ಸ್ತ್ರೀಗೆ ಒಪ್ಪಿಸಿ ಆಜ್ಞೆಯನ್ನು ಪುರುಷನಲ್ಲಿ ಉಳಿಸಿದ ಸಮಾಜಗಳಲ್ಲಿ ಬೆಳೆದ ಬಾಲಿಕೆಗೆ ಲಾಯದಲ್ಲಿ ಎರಡೂ ಒಟ್ಟಿಗೆ ದೊರೆಯುವುವು.

ಒಟ್ಟಿನಲ್ಲಿ ಹೇಳುವುದಾದರೆ, ಸ್ತ್ರೀಯರ ಅಶ್ವಪ್ರೀತಿಯು ಅವರ ಪ್ರಕೃತಿಯ ರಹಸ್ಯವಲ್ಲ. ಬಲವನ್ನು ಒಪ್ಪಿಗೆಯಿಂದ ಪಡೆಯುವ ಒಂದು ವಿದ್ಯೆಯ ಗುಣವೂ, ಆ ವಿದ್ಯೆಯು ಅವರಿಗೆ ದೊರೆತ ಕಾಲದ ಗುಣವೂ ಸೇರಿ ಉಂಟಾದುದು. ಸ್ವಭಾವವೆಂಬ ಶಬ್ದವನ್ನು ಪ್ರಯೋಗಿಸುವುದಕ್ಕೆ ಮುಂಚೆ ಅವಕಾಶವಿತ್ತೆ ಇಲ್ಲವೆ ಎಂದು ವಿಚಾರಿಸುವುದು ಶಾಸ್ತ್ರೀಯವಾದ ಮಾರ್ಗ. ಪ್ರಮೀಳೆಯ ಪ್ರಸಂಗವನ್ನು ಪಾಠ ಹೇಳುವ ಉಪಾಧ್ಯಾಯರು ಅವಳ ಸೌಂದರ್ಯವರ್ಣನೆಯನ್ನು ವಿವರಿಸಿದ ಮೇಲೆ, ಅವಳ ರಾಜ್ಯದವರು ಕುದುರೆಯನ್ನು ಏತಕ್ಕೆ ಕಟ್ಟಿದರೆಂದು ವಿದ್ಯಾರ್ಥಿಗಳನ್ನು ಕೇಳುವುದೂ ಉಚಿತವಾಗಿದೆ.